ಕೊನೆಗೆ ಕೊಟ್ಟೆ, ಕೊನೆಗೌಡನಿಗೆ?

ಅಡಿಕೆ ಕೊನೆಗೆ ಮಳೆಗಾಲದಲ್ಲಿ ಅಂಗಿ ತೊಡಿಸುವ ಪದ್ಧತಿ ಉತ್ತರ ಕನ್ನಡದ ಘಟ್ಟದ ಮೇಲೆ ಬಹಳ ಹಳೆಯದು. ಬೆಟ್ಟದಿಂದ ಕರಡದ ಹುಲ್ಲು ತಂದು, ಹೆಣೆದು, ಮುಂಗಾರು ಹಿಡಿಯುವ ಮೊದಲೇ ಮರ ಏರಿ ಕೊನೆಯ ನೆತ್ತಿಯ ಮೇಲೆ ಕೊಟ್ಟೆ ಕಟ್ಟುತ್ತಿದ್ದರು. ಮಳೆನೀರು ನೇರವಾಗಿ ತಾಗದ ಕೊನೆ ಕೊಳೆಯುವುದು ಕಡಿಮೆ ಎಂಬ ಅನುಭವವೇ ಅದಕ್ಕೆ ಆಧಾರ. ಮೈಸೂರು ಸಂಸ್ಥಾನದ ಸೇವೆಗೆ ಬಂದಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗವನ್ನು ಅಭ್ಯಾಸ ಮಾಡಿ, ಅದರ ಹಿಂದಿರುವುದು ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ ಎಂದು ತೋರಿಸಿದ ಮೇಲೆ ಆ ಅನುಭವಕ್ಕೆ ಕಾರಣವೂ ಸಿಕ್ಕಿತು. ಈ ಜೀವಿಯ ಬೀಜಾಣುಗಳಿಗೆ ಈಜಲು ಬಾಲವಿದೆ. ಕಾಯಿಯ ಮೇಲಿನ ತೆಳ್ಳನೆಯ ನೀರಿನ ಪೊರೆಯೇ ಅವಕ್ಕೆ ದಾರಿ. ಪೊರೆ ಇಲ್ಲದಿದ್ದರೆ ದಾರಿಯೂ ಇಲ್ಲ. ಕೊಟ್ಟೆ ಮಾಡುತ್ತಿದ್ದುದು ಇದನ್ನೇ. ಕೋಲ್ಮನ್ ಇದರ ಜೊತೆಗೆ ಇನ್ನೊಂದು ಉಪಾಯವನ್ನು ಬಳಕೆಗೆ ತಂದರು: ಫ್ರಾನ್ಸಿನ ಬೋರ್ಡೋ ನಗರದ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ, ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ. ಕರಡ ಕೊಯ್ಯುವ ಕೈಗಳು, ಕೊಟ್ಟೆ ಹೆಣೆಯುವ ಪುರುಸೊತ್ತು ಎರಡೂ ಕಡಿಮೆಯಾದಂತೆ ಆ ನೀಲಿ ದ್ರಾವಣವೇ ಮಳೆಗಾಲದ ಮುಖ್ಯ ರಕ್ಷಣೆಯಾಯಿತು. ಕೆಲವರು ಪ್ಲಾಸ್ಟಿಕ್ ಕೊಟ್ಟೆಗೂ ಹೋದರು. ಒಟ್ಟಿನಲ್ಲಿ ಕೊನೆಯನ್ನು ಬರಿಮೈಯಲ್ಲಿ ಮಳೆಗೆ ಒಡ್ಡಬಾರದು ಎಂಬ ವಿಷಯದಲ್ಲಿ ನೂರು ವರ್ಷಗಳಿಂದ ಯಾರಿಗೂ ಅನುಮಾನವಿಲ್ಲ. ಕೊನೆಯ ಪಕ್ಕದಲ್ಲೇ, ಅದೇ ಮಳೆಯಲ್ಲಿ, ಅದೇ ದ್ರಾವಣದ ಕೆಳಗೆ ತೂಗಾಡುವ ಮನುಷ್ಯನ, ಮರ ಏರಿ ಕೊನೆ ಕೊಯ್ಯುವ, ಮದ್ದು ಹೊಡೆಯುವ ಕೊನೆಗೌಡನ ಬಗ್ಗೆ ಮಾತ್ರ ನಮ್ಮ ವಿಚಾರ ಇನ್ನೂ ಗಟ್ಟಿಯಾಗಿಲ್ಲ.

ಚಂದಗುಳಿಯಂಥ ಊರನ್ನು ನೋಡಿ. ಯಲ್ಲಾಪುರ ತಾಲ್ಲೂಕಿನ ಈ ಭಾಗದಲ್ಲಿ ತೋಟಗಳು ಗುಡ್ಡಗಳ ನಡುವಿನ ತಗ್ಗಿನಲ್ಲಿವೆ. ಗಾಳಿ ಕಡಿಮೆ, ನೆರಳು ಹೆಚ್ಚು, ಮಳೆ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮೇಲೆ. ಬಿಸಿಲಿಗಾಗಿ ಪೈಪೋಟಿ ನಡೆಸಿ ಉದ್ದಕ್ಕೆ ಬೆಳೆದ ಮರಗಳು ಐವತ್ತು, ಅರವತ್ತು ಅಡಿ ಮುಟ್ಟುತ್ತವೆ. ಮುಂಗಾರಿನ ಬಾಗಿಲಲ್ಲಿ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ, ಮಳೆ ಬಿಡದಿದ್ದರೆ ಮೂರನೆಯ ಸಲ ಮದ್ದು ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೆರೆಸಿದ ಮೇಲೆ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡುತ್ತಾರೆ. ಕತ್ತಿಗೆ ಕೆಂಪು ಲೇಪ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ ಎಂದರ್ಥ, ಸುಣ್ಣ ಸಾಲದು, ಕೊನೆ ಸುಡುತ್ತದೆ. ಎಂಥ ಚೆಂದದ ರಸಾಯನಶಾಸ್ತ್ರ! ಆದರೆ ಈ ಪರೀಕ್ಷೆಯೂ ಕೊನೆಯ ಹಿತಕ್ಕಾಗಿಯೇ. ಬೆರೆಸುವವನ ಕಣ್ಣಿನ ಹಿತಕ್ಕೆ ಅಂಥ ಪರೀಕ್ಷೆ ಯಾವುದೂ ಬಳಕೆಯಲ್ಲಿಲ್ಲ. ಸುಟ್ಟ ಸುಣ್ಣಕ್ಕೆ ನೀರು ಬಿದ್ದಾಗ ಅದು ಕುದಿದು ಸಿಡಿಯುತ್ತದೆ, ಸಿಡಿದ ಹನಿ ತೀವ್ರ ಕ್ಷಾರ. ಆಮ್ಲ ಕಣ್ಣಿಗೆ ಬಿದ್ದರೆ ಮೇಲ್ಪದರದ ಪ್ರೋಟೀನನ್ನು ಹೆಪ್ಪುಗಟ್ಟಿಸುತ್ತದೆ, ಆ ಹೆಪ್ಪೇ ಸ್ವಲ್ಪ ಮಟ್ಟಿಗೆ ತಡೆಗೋಡೆಯಾಗುತ್ತದೆ. ಕ್ಷಾರ ಹಾಗಲ್ಲ, ಜೀವಕೋಶಗಳ ಕೊಬ್ಬನ್ನೇ ಸಾಬೂನು ಮಾಡಿಕೊಂಡು ಒಳಗೆ ಇಳಿಯುತ್ತ ಹೋಗುತ್ತದೆ. ತೊಟ್ಟು ಸುಣ್ಣ ಸಾಕು, ಒಂದು ಕಣ್ಣು ಹೋಗಲು.

ಮರದ ಮೇಲಿನ ಕತೆ ಬೇರೆ. ಸಾಮಾನ್ಯವಾಗಿ ಬೆಳೆಗೆ ಔಷಧಿ ಹೊಡೆಯುವವನ ಕಾಲು, ತೊಡೆ ಹೆಚ್ಚು ತೊಯ್ಯುತ್ತವೆ, ಏಕೆಂದರೆ ಬೆಳೆ ಅವನ ಸೊಂಟದ ಕೆಳಗಿರುತ್ತದೆ. ಅಡಿಕೆಯಲ್ಲಿ ಕೊನೆ ತಲೆಯ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದೆ. ಮೇಲಕ್ಕೆ ಹೊಡೆದ ದ್ರಾವಣದಲ್ಲಿ ಕೊನೆಗೆ ಅಂಟದ್ದೆಲ್ಲ ನೆತ್ತಿ, ಮುಖ, ಹೆಗಲಿನ ಮೇಲೆ ಇಳಿಯುತ್ತದೆ. ದೊಡ್ಡ ಹನಿಗಳು ಚರ್ಮಕ್ಕೆ, ಕಣ್ಣಿಗೆ. ಮಂಜಿನಂಥ ಸಣ್ಣ ಹನಿಗಳು ಉಸಿರಿನ ಜೊತೆ ಒಳಕ್ಕೆ. ಇದೆಲ್ಲ ನಡೆಯುವುದು ಪಾಚಿ ಹತ್ತಿ ಜಾರುವ ಒಂದು ತೆಳುವಾದ ಕಾಂಡವನ್ನು ತಬ್ಬಿಕೊಂಡು. ಹದಿನೈದು ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟಲು ಎರಡು ಸೆಕೆಂಡೂ ಬೇಡ, ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 60 ಕಿಲೋಮೀಟರ್. ಬದುಕಿದರೂ ಬೆನ್ನುಹುರಿ ಉಳಿಯುವುದು ಅದೃಷ್ಟ.

ಇಷ್ಟನ್ನು ಹೇಳಿದ ಕೂಡಲೆ ಬರುವ ಪರಿಹಾರ ಯಾವುದೆಂದು ಎಲ್ಲರಿಗೂ ಗೊತ್ತು. ಜಾಗೃತಿ ಮೂಡಿಸಬೇಕು. ಶಿಬಿರ ಮಾಡಿ, ಮಾಸ್ಕು, ಕನ್ನಡಕ, ಕೈಗವಸು ಹಂಚಿ, ಕೈಪಿಡಿ ಕೊಟ್ಟು, ಫೋಟೊ ತೆಗೆಸಿಕೊಳ್ಳಬೇಕು. ಇದರಿಂದ ಏನಾಗುತ್ತದೆ ಎಂಬುದನ್ನು ಅಳೆದವರಿದ್ದಾರೆ. ಕಾರ್ಮಿಕರು ಉಸಿರಾಟದ ರಕ್ಷಣಾ ಸಾಧನ ಬಳಸುವಂತೆ ಮಾಡಲು ನಡೆದ ತರಬೇತಿ, ಶಿಕ್ಷಣದ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಪರಾಮರ್ಶೆ ಜಾಲ ಒಂದು ವಿಮರ್ಶೆ ಪ್ರಕಟಿಸಿತು. ತಿಳಿವಳಿಕೆ ಕೊಟ್ಟದ್ದರಿಂದ ಬಳಕೆಯಾಗಲಿ, ಸರಿಯಾಗಿ ತೊಡುವುದಾಗಲಿ ಹೇಳಿಕೊಳ್ಳುವಷ್ಟು ಹೆಚ್ಚಿದ್ದು ಕಾಣಲಿಲ್ಲ ಎಂಬುದು ಅದರ ನಿರ್ಣಯ. ಆ ಪ್ರಯೋಗಗಳ ಗುಣಮಟ್ಟವೇ ತೀರ ಸಾಧಾರಣ ಎಂದೂ ಅದು ಹೇಳಿತು, ಆದ್ದರಿಂದ ಶಿಕ್ಷಣ ನಿಷ್ಪ್ರಯೋಜಕ ಎಂದು ಢಂಗುರ ಹೊಡೆಯಬೇಕಿಲ್ಲ. ಆದರೆ ನಮ್ಮ ಹಣ, ಶ್ರಮ, ಭಾಷಣ ಎಲ್ಲವನ್ನೂ ಸುರಿಯುತ್ತಿರುವ ಉಪಾಯಕ್ಕೆ ಗಟ್ಟಿಯಾದ ಪುರಾವೆ ಇಲ್ಲ ಎಂಬುದಂತೂ ನಿಜ. ತೊಡದಿರುವುದಕ್ಕೆ ಕಾರಣ ಅಜ್ಞಾನ ಎಂದು ಮೊದಲೇ ತೀರ್ಮಾನಿಸಿಕೊಂಡವರಿಗೆ ಇದು ಒಗಟು. ಸುಣ್ಣ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಮರದಿಂದ ಬಿದ್ದರೆ ಸಾಯುತ್ತೇನೆ ಎಂಬುದನ್ನು ಮರ ಹತ್ತುವವನಿಗೆ ಹೇಳಿಕೊಡುವವರು ಯಾರು? ಅವನಿಗೆ ಗೊತ್ತಿದೆ. ಗೊತ್ತಿದ್ದೂ ತೊಡುವುದಿಲ್ಲ ಎಂದರೆ ತೊಡುವುದಕ್ಕೆ ಅವನು ಏನೋ ಬೆಲೆ ತೆರಬೇಕಾಗಿದೆ ಎಂದರ್ಥ. ಆ ಬೆಲೆ ಎಷ್ಟು, ಅದನ್ನು ಇಳಿಸುವುದು ಹೇಗೆ ಎಂಬುದು ಈ ಅಧ್ಯಾಯದ ವಿಷಯ.

ಮೊದಲ ಬೆಲೆ ಮೈಯಲ್ಲೇ ಇದೆ. ಕಷ್ಟದ ಕೆಲಸ ಮಾಡುವ ದೇಹ ತಿಂದ ಶಕ್ತಿಯಲ್ಲಿ ಕಾಲು ಭಾಗದಷ್ಟನ್ನೂ ಕೆಲಸವಾಗಿ ಪರಿವರ್ತಿಸಲಾರದು, ಉಳಿದದ್ದೆಲ್ಲ ಶಾಖ. ಮರ ಹತ್ತುವಂಥ ದುಡಿಮೆಯಲ್ಲಿ ಈ ಶಾಖ ಸುಮಾರು 400 ವ್ಯಾಟ್ ಎಂದಿಟ್ಟುಕೊಳ್ಳಿ. ಅದಷ್ಟನ್ನೂ ಬೆವರಿನಿಂದಲೇ ಹೊರಹಾಕುವುದಾದರೆ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಬೆವರು ಸುರಿದರೆ ಸಾಲದು, ಆವಿಯಾಗಬೇಕು. ಜೂನ್ ತಿಂಗಳ ತೋಟದಲ್ಲಿ ಗಾಳಿ ಆಗಲೇ ನೀರು ಕುಡಿದು ತುಂಬಿರುತ್ತದೆ, ಬೆವರು ಆವಿಯಾಗುವುದೇ ಕಷ್ಟ. ಅದರ ಮೇಲೆ ನೀರು ನುಸುಳದ ಪ್ಲಾಸ್ಟಿಕ್ ಕೋಟು ಹಾಕಿದರೆ ಹೊರಗಿನ ದ್ರಾವಣ ಒಳಗೆ ಬರುವುದಿಲ್ಲ, ಒಳಗಿನ ಶಾಖವೂ ಹೊರಗೆ ಹೋಗುವುದಿಲ್ಲ. ತಲೆಸುತ್ತು ಬಂದರೆ ನೆಲದ ಮೇಲಿರುವವನು ಕೂರಬಹುದು; ಮೇಲಿರುವವನು ಎಲ್ಲಿ ಕೂರಬೇಕು? ಮಾಸ್ಕಿನದೂ ಇದೇ ಕತೆ. ಶೇ. 95ರಷ್ಟು ಸೂಕ್ಷ್ಮ ಕಣಗಳನ್ನು ತಡೆಯುವ ಎನ್-95 ಒಣಗಿದ್ದಾಗ ಅದ್ಭುತ, ಆದರೆ ತೊಯ್ದ ಮೇಲೆ ಅದರ ಮೂಲಕ ಉಸಿರೆಳೆಯುವುದೇ ಒಂದು ಕೂಲಿ. ಮೂಗಿನ ಅಂಚಿನಿಂದ ಮೇಲೆ ನುಗ್ಗುವ ಬಿಸಿ ಉಸಿರು ಕನ್ನಡಕದ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಒಂದು ರಕ್ಷಣೆ ಇನ್ನೊಂದನ್ನು ಕುರುಡು ಮಾಡುತ್ತದೆ. ಕೈಗವಸು ಹಾಕಿದರೆ ಜಾರುವ ಕಾಂಡದ ಮೇಲೆ ಹಿಡಿತ ಸಿಗುವುದಿಲ್ಲ ಎಂಬ ದೂರನ್ನು ನೆಪ ಎಂದು ತಳ್ಳಿಹಾಕುವವರು ಒಂದು ಸಲ ಯೋಚಿಸಬೇಕು: ಚರ್ಮ ಕೆಂಪಾಗುವುದನ್ನು ತಪ್ಪಿಸಲು ಹಿಡಿತ ಕಳೆದುಕೊಳ್ಳುವುದು ಜಾಣತನವೇ?

ಎರಡನೆಯ ಬೆಲೆ ಕೂಲಿಯ ಲೆಕ್ಕದಲ್ಲಿದೆ. ಮದ್ದು ಹೊಡೆತ ಮಲೆನಾಡಿನಲ್ಲಿ ಬಹುಪಾಲು ಬ್ಯಾರಲ್ ಲೆಕ್ಕದ ಕೆಲಸ. ಕೊನೆಕೊಯ್ಲೂ ಎಷ್ಟೋ ಕಡೆ ಎಣಿಕೆಯ ಮೇಲೆ. ಕನ್ನಡಕ ಒರೆಸುತ್ತ, ಬೆಲ್ಟು ಬಿಚ್ಚಿ ಕಟ್ಟುತ್ತ ದಿನಕ್ಕೆ ಐದು ಬ್ಯಾರಲ್ ಆಗುವಲ್ಲಿ ನಾಲ್ಕೇ ಆದರೆ ಸುರಕ್ಷತೆಯ ಖರ್ಚು ಪೂರ್ತಿಯಾಗಿ ಅವನ ಜೇಬಿನಿಂದ ಹೋಯಿತು. ಹವಾಮಾನವೂ ಅವಸರ ಮಾಡುತ್ತದೆ: ಎರಡು ಮಳೆಗಳ ನಡುವೆ ಸಿಕ್ಕ ಹೊಳವಿನಲ್ಲಿ ಹೊಡೆದು ಮುಗಿಸಬೇಕು, ಪಕ್ಕದ ತೋಟದವರು ಕಾಯುತ್ತಿದ್ದಾರೆ. ಇನ್ನು ಬೆಲ್ಟಿನ ಮಾತು. ಪಳಗಿದ ಕೊನೆಗೌಡ ಒಂದು ಮರ ಹತ್ತಿದರೆ ಪ್ರತಿಸಲ ಕೆಳಗಿಳಿಯುವುದಿಲ್ಲ. ಮರವನ್ನು ಬಾಗಿಸಿ ಪಕ್ಕದ್ದಕ್ಕೆ ದಾಟುತ್ತಾನೆ. ಅವನ ದುಡಿಮೆಯ ಅರ್ಧ ಲಾಭ ಆ ದಾಟುವಿಕೆಯಲ್ಲಿದೆ. ಒಂದು ಮರಕ್ಕೆ ಕಟ್ಟಿದ ಬೆಲ್ಟು ಆ ವಿದ್ಯೆಯನ್ನೇ ಕಿತ್ತುಕೊಳ್ಳುತ್ತದೆ. ಸಾಲದ್ದಕ್ಕೆ, ಪೇಟೆಯಲ್ಲಿ ಸಿಗುವ ಸುರಕ್ಷಾ ಬೆಲ್ಟು ಕಟ್ಟಡ ಕೆಲಸಕ್ಕೆಂದು ಮಾಡಿದ್ದು. ತಲೆಯ ಮೇಲೆ ಗಟ್ಟಿಯಾದ ತೊಲೆಯೊಂದಿದೆ, ಅದಕ್ಕೆ ಕೊಕ್ಕೆ ಹಾಕುತ್ತಾರೆ ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ಅಡಿಕೆ ಮರದ ತಲೆಯಲ್ಲಿ ಇರುವುದು ಎಳೆ ಹಾಳೆ, ಸೋಗೆ. ಕಾಂಡದ ಸುತ್ತ ಸುಮ್ಮನೆ ಬಳಸಿದ ಪಟ್ಟಿ ಬಿದ್ದಾಗ ಪಾಚಿಯ ಮೇಲೆ ಅವನ ಜೊತೆಗೇ ಜಾರಿ ಬರುತ್ತದೆ. ಭಾರ ಬಿದ್ದಷ್ಟೂ ಕಾಂಡವನ್ನು ಬಿಗಿಯಾಗಿ ಕಚ್ಚುವ ಕುಣಿಕೆ ಇದ್ದರೆ ಮಾತ್ರ ಅದು ರಕ್ಷಣೆ. ಅಂಥದ್ದನ್ನು ಕೊಡದೆ ಬೆಲ್ಟು ಹಾಕಲಿಲ್ಲ ಎಂದು ದೂರುವುದು ಅನ್ಯಾಯ.

ಇಲ್ಲಿ ಒಂದು ಸಣ್ಣ ಗಣಿತ ಬೇಕು, ಏಕೆಂದರೆ ಅದು ನಮ್ಮ ಆಯ್ಕೆಯನ್ನೇ ತಿರುಗಿಸುತ್ತದೆ. ಶೇ. 95ರಷ್ಟು ತಡೆಯುವ ಉತ್ತಮ ಮಾಸ್ಕನ್ನು ಒಬ್ಬ ಅರ್ಧ ಹೊತ್ತು ಮಾತ್ರ ಹಾಕಿಕೊಂಡ ಎನ್ನಿ. ಹಾಕಿಕೊಂಡ ಹೊತ್ತಿನಲ್ಲಿ ನೂರರಲ್ಲಿ ಐದು ಪಾಲು, ಹಾಕದ ಹೊತ್ತಿನಲ್ಲಿ ನೂರಕ್ಕೆ ನೂರು ಒಳಹೋಗುತ್ತದೆ. ಸರಾಸರಿ 52ಕ್ಕಿಂತ ಸ್ವಲ್ಪ ಹೆಚ್ಚು. ಶೇ. 70ರಷ್ಟೇ ತಡೆಯುವ, ಆದರೆ ಉಸಿರಾಡಲು ಹಗುರಾದ ಇನ್ನೊಂದನ್ನು ಅವನು ದಿನವಿಡೀ ಹಾಕಿಕೊಂಡರೆ ಒಳಹೋಗುವುದು 30. ಕಳಪೆಯೇ ಗೆದ್ದಿತು. ಇನ್ನೂ ಮುಂದೆ ಹೋಗೋಣ. ನೂರರಲ್ಲಿ ತೊಂಬತ್ತೊಂಬತ್ತು ಪಾಲು ತಡೆಯುವ ದುಬಾರಿ ಸಾಧನವನ್ನು ಹತ್ತರಲ್ಲಿ ಒಂಬತ್ತು ಪಾಲು ಹೊತ್ತು ಹಾಕಿಕೊಂಡರೂ ಒಳಹೋಗುವುದು 11ರ ಹತ್ತಿರ. ಅದರಲ್ಲಿ ಹತ್ತು ಪಾಲು ಆ ತೆಗೆದಿಟ್ಟ ಸ್ವಲ್ಪ ಹೊತ್ತಿನದ್ದೇ. ಅಂದರೆ ಸಾಧನ ಎಷ್ಟು ಉತ್ತಮವೋ ಅದನ್ನು ತೆಗೆಯುವ ಪ್ರತಿ ನಿಮಿಷ ಅಷ್ಟು ದುಬಾರಿ. ಪ್ರಯೋಗಾಲಯದ ಅಂಕಿ ನೋಡಿ ಕೊಳ್ಳುವವರು ಕೇಳದ ಪ್ರಶ್ನೆ ಒಂದಿದೆ: ಸಂಜೆ ನಾಲ್ಕು ಗಂಟೆಗೂ ಇದು ಅವನ ಮುಖದ ಮೇಲೆ ಇರುತ್ತದೆಯೆ?

ದುಡಿಯುವ ಜನಕ್ಕೆ ರಕ್ಷಣೆ ಎಂದರೆ ಆಗದು ಎಂಬ ಮಾತು ತೋಟಿಗರ ಜಗಲಿಯಲ್ಲಿ ಕೇಳಿಬರುತ್ತದೆ. ಕೊಟ್ಟರೂ ಹಾಕುವುದಿಲ್ಲ, ಮೂಲೆಗೆ ಎಸೆಯುತ್ತಾರೆ ಎಂಬುದು ಅದರ ಸಾರ. ಈ ಆಕ್ಷೇಪಕ್ಕೆ ಉತ್ತರ ಅದೇ ತೋಟದಲ್ಲಿ ಓಡಾಡುತ್ತಿದೆ, ಗಂಬೂಟಿನ ರೂಪದಲ್ಲಿ. ಗಂಬೂಟು ಹಾಕಿರೆಂದು ಯಾವ ಇಲಾಖೆಯೂ ಸಪ್ತಾಹ ಆಚರಿಸಲಿಲ್ಲ. ಉಂಬಳ ಹತ್ತುವುದಿಲ್ಲ, ಹಾವಿನ ಹೆದರಿಕೆ ಕಡಿಮೆ, ಕಾಲು ಬೆರಳಿನ ಸಂದಿ ಕೊಳೆಯುವುದಿಲ್ಲ. ಲಾಭ ಆ ದಿನವೇ, ಕಣ್ಣೆದುರೇ ಸಿಕ್ಕಿತು, ಕೆಲಸ ನಿಧಾನವಾಗಲಿಲ್ಲ. ಜನ ತಾವಾಗಿ ಹಾಕಿಕೊಂಡರು. ಅದಕ್ಕೂ ಹಿಂದಿನ ಕಂಬಳಿಕೊಪ್ಪೆ ಇನ್ನೂ ಒಳ್ಳೆಯ ಪಾಠ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ತೇವವನ್ನು ಎಳೆಗಳೊಳಗೆ ಹೀರಿಕೊಂಡೂ ಬೆಚ್ಚಗಿರುತ್ತದೆ, ಮೈಯ ಆವಿಯನ್ನು ಹೊರಗೂ ಬಿಡುತ್ತದೆ, ಎರಡೂ ಕೈ ಖಾಲಿ ಉಳಿಯುತ್ತವೆ. ಗದ್ದೆಯಲ್ಲಿ ಬಾಗಿ ನಾಟಿ ಮಾಡುವ ಹೆಂಗಸರ ಬೆನ್ನಿಗೆ ಗೊರಬು, ತೋಟದವರ ತಲೆಗೆ ಹಾಳೆಟೊಪ್ಪಿ. ಎಲ್ಲವೂ ಆಯಾ ಕೆಲಸದ ಭಂಗಿಯಿಂದ ಹುಟ್ಟಿದ ಸಾಧನಗಳು. ಈ ಜನ ಸುರಕ್ಷತೆಯನ್ನು ಒಲ್ಲೆ ಎಂದವರಲ್ಲ. ಬೇರೆ ಕೆಲಸಕ್ಕೆ, ಬೇರೆ ಹವೆಗೆ ಮಾಡಿದ್ದನ್ನು ಒಲ್ಲೆ ಎನ್ನುತ್ತಿದ್ದಾರೆ.

ಗಂಬೂಟು ಗೆದ್ದಲ್ಲಿ ಎಣ್ಣೆ ಸೋತದ್ದನ್ನೂ ನೋಡಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಸಿದ್ದಾಪುರದ ಕಡೆಗೂ ಬಂದು ಜೀವ ತೆಗೆದಿದೆ. ಹರಡುವುದು ಉಣುಗು, ಅದರ ಮರಿಗಳು ಚಳಿಗಾಲದಿಂದ ಬೇಸಿಗೆಯವರೆಗೆ ತರಗೆಲೆಯ ಹಾಸಿನಲ್ಲಿ ಕಾಯುತ್ತಿರುತ್ತವೆ. ಅದೇ ತಿಂಗಳುಗಳಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು ಬೇಕು. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟದ ಸವಲತ್ತು ಬ್ರಿಟಿಷರ ಕಾಲದಿಂದ ಈ ಸೀಮೆಗಿದೆ, ಆದ್ದರಿಂದ ಬೆಟ್ಟಕ್ಕೆ ಹೋಗದೆ ಇಲ್ಲಿ ತೋಟವಿಲ್ಲ. ಆರೋಗ್ಯ ಇಲಾಖೆ ಮೈಗೆ ಹಚ್ಚಲು ಮೊದಲು ಡಿಎಂಪಿ, ಈಚೆಗೆ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೆಪಾ ಎಣ್ಣೆಯನ್ನು ಪುಕ್ಕಟೆಯಾಗಿ ಹಂಚುತ್ತದೆ. ಹಣದ ಅಡ್ಡಿ ಇಲ್ಲವೇ ಇಲ್ಲ. ಆದರೂ ದಿನಾ ಹಚ್ಚುವವರು ಕಡಿಮೆ. ಅಂಟು, ವಾಸನೆ, ಬೆವರಿನಲ್ಲಿ ಕರಗಿ ಹೋಗುವುದು, ಕೆಲವು ಗಂಟೆಗಳಾದ ಮೇಲೆ ಮತ್ತೆ ಹಚ್ಚಬೇಕಾದದ್ದು, ಇವೆಲ್ಲ ಸೇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಹಚ್ಚಿದ್ದರಿಂದ ಇವತ್ತು ಏನು ತಪ್ಪಿತು ಎಂಬುದು ಯಾರಿಗೂ ಕಾಣುವುದಿಲ್ಲ. ಉಂಬಳ ಕಾಣುತ್ತದೆ, ಉಣುಗಿನ ಮರಿ ಎಳ್ಳಿಗಿಂತ ಸಣ್ಣದು. ಪುಕ್ಕಟೆ ಕೊಟ್ಟರೆ ಸಾಕು ಎಂಬ ಎಣಿಕೆ ಇಲ್ಲಿ ಕೆಡುತ್ತದೆ.

ಕಾಣದ ಅಪಾಯದ ಮಾತು ಬಂದಾಗ ಹಳಬರ ಬಲವಾದ ವಾದ ಒಂದಿದೆ: ಮೂವತ್ತು ವರ್ಷದಿಂದ ಹತ್ತುತ್ತಿದ್ದೇನೆ, ಏನೂ ಆಗಿಲ್ಲ. ಸುಳ್ಳಲ್ಲ, ಅವರಿಗೆ ಏನೂ ಆಗಿಲ್ಲ. ಚಂದಗುಳಿಯ ಘಂಟೆ ಗಣಪತಿಯ ಗುಡಿಯಲ್ಲಿ ಹರಕೆ ಫಲಿಸಿದವರು ತಂದು ಕಟ್ಟಿದ ಗಂಟೆಗಳ ಸಾಲೇ ತೂಗುತ್ತಿದೆ. ಹರಕೆ ಹೊತ್ತೂ ಫಲಿಸದವರು ಗಂಟೆ ಕಟ್ಟುವುದಿಲ್ಲ. ಆದ್ದರಿಂದ ಗಂಟೆಗಳನ್ನಷ್ಟೇ ಎಣಿಸಿ ಎಷ್ಟು ಹರಕೆಗಳಲ್ಲಿ ಎಷ್ಟು ಫಲಿಸಿದವು ಎಂದು ಲೆಕ್ಕ ಹಾಕಲಾಗದು. ಭಕ್ತಿಗೆ ಆ ಲೆಕ್ಕ ಬೇಕಿಲ್ಲ, ಅಪಾಯದ ಅಂದಾಜಿಗೆ ಬೇಕು. ಮೂವತ್ತು ವರ್ಷದ ಅನುಭವ ಹೇಳಲು ಮರದ ಮೇಲೆ ಉಳಿದವರು ಬೀಳದವರೇ. ಬಿದ್ದವರು ಮಂಚದ ಮೇಲಿದ್ದಾರೆ, ಅಥವಾ ಇಲ್ಲ. ಅಂಕಿಯಲ್ಲಿ ನೋಡುವುದಾದರೆ, ಒಂದು ಸಲ ಹತ್ತಿದಾಗ ಬೀಳುವ ಸಾಧ್ಯತೆ ಲಕ್ಷಕ್ಕೆ ಒಂದೇ ಎಂದು ಊಹಿಸಿ. ತೀರ ಕಡಿಮೆ, ಯಾರೂ ಹೆದರುವುದಿಲ್ಲ. ದಿನಕ್ಕೆ ಅರವತ್ತು ಮರ, ವರ್ಷಕ್ಕೆ ಅರವತ್ತು ದಿನ ಎಂದರೆ ಹತ್ತು ವರ್ಷಕ್ಕೆ ಮೂವತ್ತಾರು ಸಾವಿರ ಸಲ. ಅಷ್ಟರಲ್ಲಿ ಒಮ್ಮೆಯಾದರೂ ಬೀಳುವ ಸಾಧ್ಯತೆ ನೂರಕ್ಕೆ ಮೂವತ್ತು. ಇವತ್ತಿನ ಮರಕ್ಕೆ ಹೆದರಬೇಕಿಲ್ಲ ಎಂಬ ಅವನ ಅನುಭವವೂ ಸರಿ, ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬ ಬೀಳುತ್ತಾನೆ ಎಂಬ ಲೆಕ್ಕವೂ ಸರಿ. ಒಬ್ಬನ ಅನುಭವಕ್ಕೆ ಎರಡನೆಯದು ಕಾಣುವ ದಾರಿಯೇ ಇಲ್ಲ, ಆದ್ದರಿಂದ ಆ ಹೊಣೆಯನ್ನು ಒಬ್ಬನ ಮೇಲೆ ಬಿಡಬಾರದು.

ಬೋರ್ಡೋ ಮಿಶ್ರಣ ಸಾಧು ಮದ್ದು ಎಂಬುದು ಇನ್ನೊಂದು ಆಕ್ಷೇಪ. ಸಾವಯವ ಕೃಷಿಯ ನಿಯಮಗಳೂ ಅದಕ್ಕೆ ಮಿತಿಯೊಳಗೆ ಒಪ್ಪಿಗೆ ಕೊಟ್ಟಿವೆ, ಅದು ಕೀಟನಾಶಕಗಳ ಹಾಗೆ ನರಕ್ಕೆ ತಗಲುವ ವಿಷವಲ್ಲ. ಅಷ್ಟು ಒಪ್ಪೋಣ. ಆದರೆ 1969ರಲ್ಲಿ ಪೋರ್ಚುಗಲ್ಲಿನ ಪಿಮೆಂಟೆಲ್ ಮತ್ತು ಮಾರ್ಕೆಸ್ ಎಂಬ ವೈದ್ಯರು ದ್ರಾಕ್ಷಿತೋಟಗಳಲ್ಲಿ ಇದೇ ಮಿಶ್ರಣವನ್ನು ಸಿಂಪಡಿಸುತ್ತಿದ್ದ ಕಾರ್ಮಿಕರ ಶ್ವಾಸಕೋಶದಲ್ಲಿ ಗಂಟುಗಳನ್ನೂ ಆ ಗಂಟುಗಳಲ್ಲಿ ತಾಮ್ರವನ್ನೂ ಕಂಡು ವರದಿ ಮಾಡಿದರು. ಗಿನಿಯಿಲಿಗಳಿಗೆ ಅದೇ ತುಂತುರನ್ನು ಉಸಿರಾಡಿಸಿದಾಗ ಅಂಥದ್ದೇ ಬದಲಾವಣೆಗಳು ಕಾಣಿಸಿಕೊಂಡವು. ಅಲ್ಲಿನ ಕಾರ್ಮಿಕರು ವರ್ಷದಲ್ಲಿ ಎಷ್ಟೋ ಸಲ, ಬಹುಕಾಲ ಸಿಂಪಡಿಸಿದವರು. ಇಲ್ಲಿ ಒಂದು ತೋಟಕ್ಕೆ ಎರಡು ಮೂರು ಸಲ. ತೋಟಿಗನ ಶ್ವಾಸಕೋಶಕ್ಕೆ ಈ ಸಮಾಧಾನ ಸಲ್ಲುತ್ತದೆ. ಆದರೆ ಹೊಡೆಯುವವನು ಒಂದೇ ತೋಟದವನಲ್ಲ, ಹಂಗಾಮು ಮುಗಿಯುವವರೆಗೆ ಊರೂರು ತಿರುಗಿ ದಿನವೂ ಹೊಡೆಯುವವನು. ತೋಟಕ್ಕೆ ಮೂರು ಸಲ ಎಂಬುದು ಅವನಿಗೆ ಐವತ್ತು ದಿನವಾಗಬಹುದು. ಅಪಾಯವನ್ನು ಅಳೆಯುವಾಗ ತೋಟವನ್ನು ಮಾನವಾಗಿ ಇಟ್ಟುಕೊಂಡರೆ ಅವನು ಲೆಕ್ಕದಿಂದ ಜಾರಿಹೋಗುತ್ತಾನೆ.

ಹಾಗಾದರೆ ಏನು ಮಾಡಬೇಕು? ಬ್ರಿಟನ್ನಿನ ಕಾರ್ಖಾನೆಗಳ ಮೊದಲ ವೈದ್ಯಕೀಯ ಇನ್‌ಸ್ಪೆಕ್ಟರ್ ಥಾಮಸ್ ಲೆಗ್ 1898ರಿಂದ ಸುಮಾರು ಮೂರು ದಶಕ ಸೀಸದ ವಿಷಕ್ಕೆ ತುತ್ತಾದ ಕಾರ್ಮಿಕರನ್ನು ನೋಡಿ ಒಂದು ತೀರ್ಮಾನಕ್ಕೆ ಬಂದಿದ್ದರು. ಕೆಲಸಗಾರನ ಇಷ್ಟಾನಿಷ್ಟಕ್ಕೆ ಸಿಗದ, ಅವನ ಹೊರಗೇ ನಿಂತು ಕೆಲಸ ಮಾಡುವ ಏರ್ಪಾಡು ಗೆಲ್ಲುತ್ತದೆ. ಅವನ ದಿನದಿನದ ಎಚ್ಚರವನ್ನೇ ನಂಬಿದ್ದು ಸೋಲುತ್ತದೆ. ಒಡೆಯ ತನ್ನ ಪಾಲಿನದೆಲ್ಲವನ್ನೂ ಮಾಡುವವರೆಗೆ ಕೆಲಸಗಾರ ತನಗಾಗಿ ಮಾಡಿಕೊಳ್ಳಬಹುದಾದದ್ದು ಅತ್ಯಲ್ಪ ಎಂದೂ ಅವರು ಬರೆದರು. ಒಳಾಂಗಣಕ್ಕೆ ಸೀಸದ ಬಣ್ಣ ಬಳಿಯುವುದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದವನ್ನು ತಮ್ಮ ಸರ್ಕಾರ ಒಪ್ಪದಿದ್ದಾಗ 1926ರಲ್ಲಿ ಹುದ್ದೆಯನ್ನೇ ಬಿಟ್ಟವರು ಅವರು. ಇದೇ ವಿವೇಕ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಕೀಟನಾಶಕ ಸಂಹಿತೆಯಲ್ಲೂ ಬಂದಿದೆ: ತೊಡಲು ಕಷ್ಟವಾದ, ದುಬಾರಿಯಾದ, ಸುಲಭಕ್ಕೆ ಸಿಗದ ರಕ್ಷಣಾ ಉಡುಪು ಬೇಡುವ ಔಷಧಿಗಳನ್ನು, ಅದರಲ್ಲೂ ಬಿಸಿ ಹವೆಯ ನಾಡುಗಳ ಸಣ್ಣ ರೈತರ ನಡುವೆ, ಬಳಸದಿರುವುದೇ ಲೇಸು. 2017ರಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಾಗ ಮಾಸ್ಕು ಹಾಕಲಿಲ್ಲ ಎಂಬ ಆರೋಪ ಸತ್ತವರ ಮೇಲೇ ಬಂತು. ಕಾಸರಗೋಡಿನ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳಲ್ಲಿ ಕೆಳಗಿನ ಊರುಗಳು ಯಾವ ಉಡುಪು ತೊಡಬೇಕಿತ್ತು? ಅಲ್ಲಿ ಉಡುಪಿನ ಪ್ರಶ್ನೆಯೇ ಏಳಲಿಲ್ಲ. ವಿಷವನ್ನೇ ನಿಲ್ಲಿಸಬೇಕಾಯಿತು, 2011ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತು.

ಅಡಿಕೆಯಲ್ಲಿ ಈ ವಿವೇಕಕ್ಕೆ ಹತ್ತಿರದ ರೂಪ ಕಾರ್ಬನ್ ಫೈಬರ್ ದೋಟಿ. ಈಚಿನ ವರ್ಷಗಳಲ್ಲಿ ಬಂದ ಈ ಹಗುರ ಕೋಲಿನಿಂದ ನೆಲದ ಮೇಲೆ ನಿಂತೇ ಅರವತ್ತು ಅಡಿಯ ಮರಕ್ಕೂ ಮದ್ದು ಹೊಡೆಯಬಹುದು, ಕೊನೆಯನ್ನೂ ಇಳಿಸಬಹುದು. ಬೀಳುವ ಅಪಾಯ ಶೇಕಡಾ ಇಷ್ಟು ಕಡಿಮೆಯಾಯಿತು ಎಂದು ಲೆಕ್ಕ ಹಾಕಬೇಕಿಲ್ಲ, ಅದು ಇಲ್ಲವೇ ಆಯಿತು. ಯಾರೂ ನೆನಪಿಟ್ಟುಕೊಂಡು ಏನನ್ನೂ ತೊಡಬೇಕಾಗಿಲ್ಲ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು 2019ರಲ್ಲಿ ತೋರಿಸಿದ ಮರ ಏರುವ ಬೈಕು ಇನ್ನೊಂದು ದಿಕ್ಕಿನ ಜಾಣ್ಮೆ, ಆದರೆ ಅದು ಮನುಷ್ಯನನ್ನು ಮೇಲಕ್ಕೇ ಒಯ್ಯುತ್ತದೆ. ನನ್ನ ಮತ ದೋಟಿಗೆ. ದೋಟಿಗೂ ಮಿ‌ತಿಗಳಿವೆ. ದಿನವಿಡೀ ಕತ್ತೆತ್ತಿ ನೋಡಬೇಕು, ಕುತ್ತಿಗೆ ಹಿಡಿಯುತ್ತದೆ; ಕಾರ್ಬನ್ ವಿದ್ಯುತ್ತನ್ನು ಹರಿಸುವ ವಸ್ತು, ತೋಟದ ಮೇಲೆ ತಂತಿ ಹಾದಿದ್ದರೆ ಅದೇ ಮೃತ್ಯು. ಮೇಲೆ ಹೊಡೆದದ್ದು ಕೆಳಗಿನವನ ಮುಖಕ್ಕೇ ಇಳಿಯುವುದರಿಂದ ಕಣ್ಣಿಗೆ, ಮೂಗಿಗೆ ರಕ್ಷಣೆ ಆಗಲೂ ಬೇಕು. ಆದರೆ ಈಗ ಲೆಕ್ಕವೇ ಬೇರೆ. ನೆಲದ ಮೇಲೆ ನಿಂತವನಿಗೆ ಅಗಲ ಅಂಚಿನ ಟೊಪ್ಪಿ, ಗಾಳಿ ಕಿಂಡಿಯ ಕನ್ನಡಕ, ಕೈಗವಸು ಯಾವುದೂ ಹಿಡಿತಕ್ಕಾಗಲಿ ಜೀವಕ್ಕಾಗಲಿ ಅಡ್ಡಿಯಲ್ಲ. ದೊಡ್ಡ ಅಪಾಯವನ್ನು ಏರ್ಪಾಡು ತೆಗೆದಾಗ ಉಳಿದ ಸಣ್ಣ ಅಪಾಯಕ್ಕೆ ತೊಡುವುದು ಸುಲಭವಾಗುತ್ತದೆ. ಇಲ್ಲಿ ದೋಟಿಯಿಂದ ಕೊನೆಗೌಡರ ಅನ್ನ ಹೋಗುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ದೋಟಿ ಹಿಡಿಯುವ ಕೆಲಸವೂ ಪಳಗಬೇಕಾದ ವಿದ್ಯೆಯೇ; ಅದನ್ನು ಮರ ಹತ್ತುತ್ತಿದ್ದವರಿಗೇ ಮೊದಲು ಕಲಿಸಿ, ಅದೇ ದರ ಕೊಟ್ಟರೆ, ವಯಸ್ಸಾಗಿ ಹತ್ತಲಾರದವರಿಗೂ ಕೆಲಸ ಉಳಿಯುತ್ತದೆ.

ಸಣ್ಣ ತೋಟಿಗ ಇದನ್ನೆಲ್ಲ ಕೊಳ್ಳಲಾರ ಎಂಬುದು ಕೊನೆಯ ಆಕ್ಷೇಪ, ಮತ್ತು ಗಟ್ಟಿಯಾದದ್ದು. ಕಾನೂನು ಇಲ್ಲಿ ನೆರವಿಗೆ ಬರುವುದು ಕಷ್ಟ. 1971ರ ಕೀಟನಾಶಕ ನಿಯಮಗಳು ರಕ್ಷಣಾ ಉಡುಪಿನ ಮಾತಾಡುತ್ತವೆ, ಆದರೆ ಐದಾರು ಆಳು ದುಡಿಯುವ ಒಂದೆಕರೆ ತೋಟಕ್ಕೆ ಇಳಿದು ನೋಡುವ ಇನ್‌ಸ್ಪೆಕ್ಟರ್ ಯಾರು? 1951ರ ಪ್ಲಾಂಟೇಶನ್ ಕಾಯ್ದೆ ಚಹಾ, ಕಾಫಿ, ರಬ್ಬರ್, ಏಲಕ್ಕಿಯಂಥ ದೊಡ್ಡ ತೋಟಗಳನ್ನು ನೆನೆದು ಬರೆದದ್ದಾಗಿತ್ತು. ದಂಡ ಹಾಕಿ ತೊಡಿಸುವುದೂ ಆಗದ ಮಾತು: ಆಳಿನ ಬರಗಾಲದಲ್ಲಿ ಗದರಿದ ಒಡೆಯನ ತೋಟಕ್ಕೆ ಕೊನೆಗೌಡ ಮರುವರ್ಷ ಬರುವುದಿಲ್ಲ. ಆದರೆ ಕರ್ನಾಟಕದ ಬೇರೆ ಎಷ್ಟೋ ಸೀಮೆಗಳಿಗೆ ಇಲ್ಲದ ಒಂದು ಬಲ ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲ್ಲೂಕುಗಳಿಗಿದೆ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಿಂದ ನಡೆದು ಬಂದಿದೆ. ಊರೂರಲ್ಲಿ ಸೇವಾ ಸಹಕಾರಿ ಸಂಘಗಳಿವೆ. ಮೈಲುತುತ್ತು ಎಷ್ಟೋ ಮನೆಗಳಿಗೆ ಬರುವುದು ಅವುಗಳ ಗೋದಾಮಿನಿಂದಲೇ. ಆ ಮೈಲುತುತ್ತಿನ ಚೀಲದ ಜೊತೆ ಕನ್ನಡಕ, ಟೊಪ್ಪಿ, ಕೈಗವಸು ಅದೇ ಬಿಲ್ಲಿನಲ್ಲಿ ಬರಲಿ. ದೋಟಿಯನ್ನು ಸಂಘವೇ ಕೊಂಡು ಬಾಡಿಗೆಗೆ ಕೊಡಲಿ. ಎರಡು ಮನೆಗೊಂದು ದೋಟಿ ಕೊಳ್ಳುವ ಅಗತ್ಯವಿಲ್ಲ, ಹಂಗಾಮು ಒಂದೇ ಆದರೂ ಒಂದೇ ದಿನ ಎಲ್ಲರೂ ಹೊಡೆಯುವುದಿಲ್ಲ. ಬ್ಯಾರಲ್ ದರ ನಿಗದಿ ಮಾಡುವಾಗ ಕನ್ನಡಕ ಒರೆಸುವ ಹೊತ್ತನ್ನೂ ಸೇರಿಸಿ ನಾಲ್ಕು ಬ್ಯಾರಲಿಗೆ ಐದರ ಕೂಲಿ ಬರುವಂತೆ ಮಾಡಿದರೆ ತೊಡುವವನು ನಷ್ಟದಲ್ಲಿ ಬೀಳುವುದಿಲ್ಲ. ಖರ್ಚು ಹೆಚ್ಚುತ್ತದೆ, ನಿಜ. ಈಗಲೂ ಆ ಖರ್ಚು ಇದ್ದೇ ಇದೆ, ಕಣ್ಣು ಕಳೆದುಕೊಂಡವನ ಮನೆಯಲ್ಲಿ.

ತೊಡುವ ಉಡುಪಿನ ಬಗ್ಗೆ ಉಳಿದ ಮಾತು ಒಗೆಯುವುದಕ್ಕೆ ಸೇರಿದ್ದು, ಮತ್ತು ಯೋಜನೆಗಳೆಲ್ಲ ಸಾಮಾನ್ಯವಾಗಿ ಮರೆಯುವುದು ಇದನ್ನೇ. ನೀಲಿ ಹತ್ತಿದ ಅಂಗಿಯನ್ನು ಕೂಲಿಯವನು ಮನೆಗೆ ಒಯ್ದರೆ ಮಕ್ಕಳ ಬಟ್ಟೆಯ ಜೊತೆ ಅದೇ ಬಕೆಟಿಗೆ ಬೀಳುತ್ತದೆ, ಒಗೆಯುವವಳು ಅವನ ಹೆಂಡತಿ. ಜೂನ್, ಜುಲೈಯಲ್ಲಿ ಒಗೆದದ್ದು ಮೂರು ದಿನವಾದರೂ ಒಣಗುವುದಿಲ್ಲ. ಒದ್ದೆ ಅಂಗಿಯನ್ನು ಬೆಳಿಗ್ಗೆ ಏಳು ಗಂಟೆಗೆ ಯಾರೂ ತೊಡುವುದಿಲ್ಲ, ಯಾವ ಕಾಕ್ರೇನ್ ವಿಮರ್ಶೆಯೂ ಬೇಡ ಇದನ್ನು ಹೇಳಲು. ಆದ್ದರಿಂದ ಒಬ್ಬನಿಗೆ ಒಂದು ಸೆಟ್ ಎಂಬ ಲೆಕ್ಕ ತಪ್ಪು, ಕನಿಷ್ಠ ಎರಡು ಬೇಕು, ಮೂರಿದ್ದರೆ ಒಳ್ಳೆಯದು. ಅವು ತೋಟದ ಮನೆಯಲ್ಲೇ ಇರಬೇಕು, ಅಲ್ಲೇ ಒಗೆಯಬೇಕು. ಒಣಗಿಸಲು ಜಾಗ ಬೇಕು. ಎಷ್ಟೋ ಮನೆಗಳಲ್ಲಿ ಅಡಿಕೆ ಒಣಗಿಸುವ ಡ್ರೈಯರ್ ಮಳೆಗಾಲದಲ್ಲಿ ಖಾಲಿ ನಿಂತಿರುತ್ತದೆ. ಅಡಿಕೆ ಹರಡುವ ತಟ್ಟೆಗಳನ್ನು ಹೊರಗೆ ತೆಗೆದಿಟ್ಟು, ಅದರ ಬೆಚ್ಚನೆಯ ಗಾಳಿಯ ದಾರಿಯಲ್ಲಿ ಒಂದು ತಂತಿ ಎಳೆದು ಚೆನ್ನಾಗಿ ಒಗೆದ ಅಂಗಿಗಳನ್ನು ತೂಗಹಾಕಿದರೆ ರಾತ್ರಿ ಕಳೆಯುವುದರೊಳಗೆ ಒಣಗುತ್ತವೆ.